ಕೆಂಪು ಕಂಬ, ಹಸಿರು ಕಂಬ

ನವನಗರ, ಬಾಗಲಕೋಟೆ
ಶುಕ್ರವಾರ, 13 ಸೆಪ್ಟೆಂಬರ್ 2024

ಶ್ರೀ ಬಸವಂತ ಅವರಿಗೆ,

ಇಳಕಲ್ಲಿನ ದಿಕ್ಕಿಗೆ ಇಲ್ಲಿಂದಲೇ ಒಂದು ನಮಸ್ಕಾರ. ‘ಪ್ರಿಯ’ ಎಂದು ಶುರು ಮಾಡಬೇಕೆಂದೇ ಪೆನ್ನು ಹಿಡಿದಿದ್ದೆ. ಆದರೆ ಅಪ್ಪ ಆ ಪದವನ್ನು ಪ್ರಿಯದರ್ಶಿನಿ ಎಂದು ನನ್ನ ಹೆಸರಿಗೇ ಖರ್ಚು ಮಾಡಿಬಿಟ್ಟಿದ್ದಾನೆ; ನಿಮ್ಮ ಹೆಸರಿಗೆ ಹಚ್ಚಲು ಉಳಿದಿಲ್ಲ. ಸದ್ಯಕ್ಕೆ ‘ಶ್ರೀ’ಯಲ್ಲಿ ಸಮಾಧಾನ ಮಾಡಿಕೊಳ್ಳಿ.

ಇದು ವಕೀಲರ ಕಾಗದವಲ್ಲ. ವಕೀಲರು ಇಷ್ಟು ಕೆಟ್ಟ ಅಕ್ಷರದಲ್ಲಿ ಬರೆಯುವುದಿಲ್ಲ. ಫೋನು ಮಾಡಬಹುದಿತ್ತು, ಆದರೆ ನಮ್ಮ ಫೋನು ಹೇಗಿರುತ್ತದೆಂದು ನಿಮಗೂ ಗೊತ್ತು. ‘ಊಟ ಆತೇನು?’ ‘ಆತು.’ ‘ಮಳಿ ಐತೇನು?’ ‘ಇಲ್ಲ.’ ಆಮೇಲೆ ಯಾರು ಮೊದಲು ಇಡುತ್ತಾರೆಂದು ಇಬ್ಬರೂ ಕಿವಿಗೆ ಹಿಡಿದುಕೊಂಡು ಕಾಯುವುದು. ವಾಟ್ಸಾಪಿಗೆ ಹಾಕಿದರೆ ಅಂಗಡಿಯ ಗದ್ದಲದಲ್ಲಿ ಬೆರಳಿನಿಂದ ಮೇಲೆ ತಳ್ಳಿಬಿಡುತ್ತೀರಿ. ಈ ಲಕೋಟೆಯಲ್ಲಿ ಕಾಗದದ ಜೊತೆ ಮಡಚಿದ ಎರಡು ಹಾಳೆಗಳಿವೆ. ಅವನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಈಗಲೇ ಬಿಚ್ಚಬೇಡಿ, ನಾನು ಹೇಳುತ್ತೇನೆ.

ನನ್ನ ಜೊತೆ ಕೆಲಸ ಮಾಡುವ ನಿಖತ ಈದ್ ರಜೆಗೆ ನಾಳೆ ಇಳಕಲ್ಲಿನ ತನ್ನ ಮನೆಗೆ ಹೊರಟಿದ್ದಾಳೆ. ಅಂಗಡಿಗೆ ಬಂದು ನಿಮ್ಮ ಕೈಗೇ ಕೊಡುತ್ತಾಳೆ. ಒಳಗೇನಿದೆ ಎಂದು ಅವಳಿಗೆ ತಿಳಿಸಿಲ್ಲ. ಅವಳೂ ಕೇಳಲಿಲ್ಲ, ‘ಲವ್ ಲೆಟರ್ ಆದ್ರ ಬಸ್ ಚಾರ್ಜ್ ನೀವ ಕೊಡ್ರಿ ಅಕ್ಕಾರ’ ಎಂದಳು, ಅಷ್ಟೇ. ಹೆಂಗಸರಿಗೆ ಟಿಕೆಟ್ ಇಲ್ಲದ ಬಸ್ಸಿಗೆ ಚಾರ್ಜು ಎಲ್ಲಿಂದ ಕೊಡಲಿ?

ಸೋಮವಾರ ಹುನಗುಂದದಲ್ಲಿ ನನ್ನ ಸೋದರಮಾವನ ಮನೆಯಲ್ಲಿ ಹಿರಿಯರು ಕೂಡುತ್ತಾರೆ. ನೀವೂ ನಾನೂ ಕೂಡಿ ಇರಬೇಕೋ, ಬಿಟ್ಟು ಇರಬೇಕೋ ಎಂದು ಅವರು ತೀರ್ಮಾನಿಸಲಿದ್ದಾರೆ. ನಾವು ಕೂಡದಿದ್ದರೂ ನಮ್ಮ ಸಲುವಾಗಿ ಅವರಾದರೂ ಕೂಡುತ್ತಿದ್ದಾರೆ, ಇರಲಿ. ‘ಏನೇನ್ ಆಗೇತಿ ಎಲ್ಲಾ ಹೇಳಬೇಕು ನೋಡವಾ, ಒಂದೂ ಬಿಡಬಾರದು’ ಎಂದು ಮಾವ ಫೋನಿನಲ್ಲಿ ಹೇಳಿದ್ದಾರೆ. ಲೆಕ್ಕ ಹಾಕಿ ನೋಡಿದರೆ ನಿಮ್ಮ ಮೇಲೆ ನಾನು ಹೇಳಬೇಕಾದದ್ದು ಒಂದೇ. ಕುಡಿಯುವುದಿಲ್ಲ, ಕೈ ಮಾಡುವುದಿಲ್ಲ, ನನ್ನ ಸಂಬಳ ಕೇಳುವುದಿಲ್ಲ. ಉಳಿದದ್ದು ಆ ಸೀರೆ.

ಈ ಕಾಗದ ಆ ಸೀರೆಯ ಬಗ್ಗೆ.

ಎಲ್ಲರೂ ನಾನು ನೌಕರಿಯ ಆಸೆಗೆ ನಿಮ್ಮನ್ನು ಬಿಟ್ಟು ನವನಗರಕ್ಕೆ ಬಂದೆ ಎಂದುಕೊಂಡಿದ್ದಾರೆ. ನಾನೂ ಅಲ್ಲಗಳೆದಿಲ್ಲ, ಸೀರೆಗಾಗಿ ಗಂಡನನ್ನು ಬಿಟ್ಟಳು ಎನ್ನಿಸಿಕೊಳ್ಳುವುದಕ್ಕಿಂತ ಅದೇ ಮರ್ಯಾದೆಯದು. ಆದರೆ ಯುಗಾದಿಗೆ ಮುಂಚೆ ಬಾದಾಮಿಯಲ್ಲಿ ನನ್ನ ತಂಗಿಯ ಕುಬಸದ ದಿನ ಆದದ್ದು ನಿಮಗೂ ನೆನಪಿದೆ, ನನಗೂ ನೆನಪಿದೆ. ಆ ಹೊಟ್ಟೆಯೊಳಗಿನ ಕೂಸು ಈಗ ಹೊರಬಂದು ಬೋರಲು ಬೀಳುತ್ತಿದೆ. ನಾವು ಮಾತ್ರ ಅಲ್ಲೇ ಕೂತಿದ್ದೇವೆ.

ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವುದು. ಬಳೆ ನಾನು ತರುತ್ತೇನೆ, ಸೀರೆ ನಮ್ಮ ಅಂಗಡಿಯಿಂದ ನೀವು ತನ್ನಿ ಎಂದು ವಾರದಿಂದ ಹೇಳಿದ್ದೆ. ನೀವು ಇಳಕಲ್ಲಿನಿಂದ ನೇರ ಬಾದಾಮಿಗೆ ಬಂದಿರಿ. ತಂಗಿಯ ಅತ್ತೆ ರಂಗವ್ವ, ಅವರ ಓಣಿಯ ಅಷ್ಟೂ ಹೆಂಗಸರು ಕಂಬಳಿಯ ಮೇಲೆ ಕೂತಿದ್ದರು. ಇಳಕಲ್ಲಿನ ಸೊಸೆ ಎಂಬ ಜಂಬದಿಂದ ನಾನೇ ಮುಂದೆ ಹೋಗಿ ಕಾಗದ ಬಿಚ್ಚಿದೆ. ಒಳಗಿದ್ದದ್ದು ಗಾಢ ದಾಳಿಂಬೆ ಕೆಂಪು.

ರಂಗವ್ವ ಬಾಯಿ ಮುಚ್ಚಿಕೊಂಡಿರುವ ಹೆಂಗಸಲ್ಲ. ‘ಯಾಕವಾ, ಇಳಕಲ್ಲಿನ್ಯಾಗ ಹಸರು ತೀರೇತೇನು? ಇಲ್ಲಾ ಬೀಗರಿಗೆ ಇಷ್ಟ ಸಾಕಂತ ಬಿಟ್ರೋ?’ ಎಂದಳು. ನಾನು ನಿಮ್ಮ ಕಡೆ ನೋಡಿದೆ. ಅವಸರದಲ್ಲಿ ಗಂಟು ಬದಲಾಗಿದೆ ಎಂದು ಹೇಳಿದ್ದರೆ ಮುಗಿದಿತ್ತು. ನೀವು ಸೀರೆಯನ್ನು ನೋಡಿದಿರಿ, ನನ್ನನ್ನು ನೋಡಿದಿರಿ, ಮತ್ತೆ ಸೀರೆಯನ್ನು ನೋಡಿದಿರಿ. ಆಮೇಲೆ, ‘ನಾ ಬೇಕಂತನ ತಂದೇನಿ ಇದನ್ನ. ಚಂದ ಐತಿ. ಉಡೂದಿದ್ರ ಉಡ್ರಿ, ಇಲ್ಲಾಂದ್ರ ಬಿಡ್ರಿ’ ಎಂದು ಹೇಳಿ ಹೊರಗೆ ಹೋದಿರಿ.

ಆ ‘ಬೇಕಂತನ’ ನನ್ನ ತಲೆಯಲ್ಲಿ ಬಾಡಿಗೆಯಿಲ್ಲದೆ ಮನೆ ಮಾಡಿಕೊಂಡಿತು. ಬೇಕೆಂದೇ ನನ್ನ ತವರನ್ನು ನಾಲ್ಕು ಜನರ ಮುಂದೆ ಇಳಿಸಿದರು ಎಂದುಕೊಂಡೆ. ಯುಗಾದಿ ಮುಗಿಯುತ್ತಲೇ ಇಲ್ಲಿ ಕೆಲಸ ಸಿಕ್ಕಿತು, ಬಂದೆ.

ಈಗ ನನ್ನ ಕೆಲಸದ ಬಗ್ಗೆ ಸ್ವಲ್ಪ ಕೇಳಬೇಕು. ಬೇಸರವಾದರೂ ಕೇಳಿ, ನನಗೂ ಅದು ಬೇಸರವೇ. ಮನೆಯ ಒಡತಿಗೆ ಮೊದಲ ದಿನ ‘ಬಾರ್ ಚಾರ್ಟ್ ಮಾಡತೇನ್ರಿ’ ಎಂದಿದ್ದೆ. ಮರುದಿನ ಮೆಲ್ಲಗೆ ಬಂದು, ‘ಹೆಣ್ಣಮಕ್ಕಳನ್ನೂ ಬಾರಿನ್ಯಾಗ ಕೆಲಸಕ್ಕ ಇಟ್ಗೋತಾರೇನವಾ ಈಗ?’ ಎಂದು ಕೇಳಿದಳು. ನನ್ನ ಬಾರಿನಲ್ಲಿ ಗಿರಾಕಿಗೆ ಅಮಲು ಏರುವುದಿಲ್ಲ, ಬಡಿಸುವವಳಿಗೆ ತಲೆ ತಿರುಗುತ್ತದೆ, ಅಷ್ಟೇ ವ್ಯತ್ಯಾಸ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್. ಈ ನಾಲ್ಕು ಕಡೆ ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ನೂರಕ್ಕೆ ಎಷ್ಟು ಎಂದು ನಮ್ಮ ಸಂಸ್ಥೆಯವರು ಹೋದ ವರ್ಷ ನೋಡಿದರು, ಈ ವರ್ಷ ಮತ್ತೆ ನೋಡಿದರು. ಅದನ್ನು ಚಿತ್ರ ಮಾಡುವುದು ನನ್ನ ಪಾಲು. ಊರಿಗೆ ಎರಡು ಕಂಬ: ಹೋದ ವರ್ಷದ್ದು ಕೆಂಪು, ಈ ವರ್ಷದ್ದು ಹಸಿರು. ಹಸಿರು ಕಂಬ ಗಿಡ್ಡವಾದಷ್ಟೂ ಊರಿಗೆ ಒಳ್ಳೆಯದು. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಸ್ತಂಭಾಲೇಖ ಎನ್ನುತ್ತಾರೆ. ದಿನವಿಡೀ ಮಾಡಿದವರು ಸ್ತಂಭೀಭೂತರಾಗುವುದರಿಂದ ಆ ಹೆಸರು ಬಂದಿರಬೇಕು.

ಕಂಬ ನಿಲ್ಲಿಸುವ ತಂತ್ರಾಂಶದ ಹೆಸರು ‘ಆರ್’. ಒಂದೇ ಅಕ್ಷರ. ಹೆಸರಿಗೆ ತಕ್ಕ ಹಾಗೆ ಅದರ ಮುಂದೆ ಕೂತವರ ಚಹಾ ಯಾವಾಗಲೂ ಆರಿಯೇ ಇರುತ್ತದೆ. ಗುಂಡಿ ಒತ್ತಿದರೆ ಆಗುವ ಕೆಲಸವಲ್ಲ. ಎಲ್ಲವನ್ನೂ ಬರೆದು ಹೇಳಬೇಕು. ಏನೂ ಹೇಳದಿದ್ದರೆ ಹಸಿ ಸಿಮೆಂಟಿನ ಬೂದು ಬಣ್ಣದ ಕಂಬ ನಿಲ್ಲಿಸುತ್ತದೆ. ಬಣ್ಣ ಬೇಕೇ, ಹೆಸರು ಬರೆ. ದಪ್ಪ ಬೇಕೇ, ಎಷ್ಟೆಂದು ಬರೆ. ಕಂಬಕ್ಕೂ ಕಂಬಕ್ಕೂ ಸಂದು ಎಷ್ಟು, ಕೆಳಗೆ ಊರಿನ ಹೆಸರು ಮಲಗಿರಬೇಕೋ ನಿಂತಿರಬೇಕೋ, ಅದನ್ನೂ ಬರೆ. ಬಣ್ಣಗಳ ಹೆಸರುಗಳಂತೂ ಟೊಮೇಟೊ, ಗೋಧಿ, ಚಾಕೊಲೇಟು, ಪಪ್ಪಾಯಿ. ಮಧ್ಯಾಹ್ನದ ಬುತ್ತಿ ಬಿಚ್ಚುವ ಮುಂಚೆ ಬಣ್ಣ ಆರಿಸಲು ಕೂರಬಾರದು.

ಅದರ ಒಂದು ಗುಣ ಮಾತ್ರ ನನಗೆ ಇಷ್ಟ. ಮಾತು ಅರ್ಧಕ್ಕೆ ನಿಂತರೆ, ತೆರೆದ ಕಂಸವನ್ನು ಮುಚ್ಚಲು ಮರೆತರೆ, ಅದು ಸಿಟ್ಟಾಗುವುದಿಲ್ಲ. ಮುಂದಿನ ಸಾಲಿನಲ್ಲಿ ಒಂದು ಕೂಡಿಸುವ ಚಿಹ್ನೆ ಇಟ್ಟು ಸುಮ್ಮನೆ ಕಾಯುತ್ತದೆ. ಇನ್ನೂ ಏನೋ ಹೇಳುವುದಿದೆ, ಹೇಳು ಎಂಬಂತೆ. ಊಟಕ್ಕೆ ಹೋಗಿ ಬಂದರೂ ಅಲ್ಲೇ ಕಾಯುತ್ತಿರುತ್ತದೆ. ಅಷ್ಟು ತಾಳ್ಮೆ ನಿಮ್ಮ ಮನೆಯಲ್ಲೂ ಇಲ್ಲ, ನಮ್ಮ ಮನೆಯಲ್ಲೂ ಇಲ್ಲ.

ನಮ್ಮ ಮೇಲಿನವರು ಶ್ರೀಶೈಲ ಸರ್. ಒಳ್ಳೆಯ ಮನುಷ್ಯ, ಆದರೆ ಯಾವ ಕಂಬವನ್ನೂ ಇದ್ದ ಹಾಗೆ ಇರಗೊಡುವುದಿಲ್ಲ. ‘ಮೇಡಂ, ಕಂಬ ಭಾಳ ಸೊರಗ್ಯಾವ, ಸ್ವಲ್ಪ ಮೈ ತುಂಬಲಿ.’ ತುಂಬಿಸಿದೆ. ‘ಈಗ ಹಬ್ಬದ ಬಸ್ಸಿನ್ಯಾಗ ನಿಂತಂಗ ಕಾಣತಾವ.’ ಸಂದು ಬಿಟ್ಟೆ. ‘ಊರಿನ ಹೆಸರು ಕನ್ನಡದಾಗ ಬರಲಿ.’ ಕನ್ನಡದಲ್ಲಿ ಬರೆದರೆ ಅಕ್ಷರಗಳ ಜಾಗದಲ್ಲಿ ಬರೀ ಖಾಲಿ ಚೌಕಗಳು. ‘ಇದ್ಯಾವ ಊರ್ರಿ ಮೇಡಂ, ಎಲ್ಲಾ ಪೆಟ್ಟಿಗಿ?’ ಅದಕ್ಕೆ ಒಪ್ಪುವ ಕನ್ನಡ ಫಾಂಟು ಹುಡುಕಿ, ನಾಲ್ಕೂ ಊರುಗಳನ್ನು ಪೆಟ್ಟಿಗೆಯಿಂದ ಬಿಡಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಯಾವ ಬಣ್ಣ ಯಾವ ವರ್ಷದ್ದು ಎಂದು ಮೂಲೆಯಲ್ಲಿ ಹೇಳುವ ಸಣ್ಣ ಚೌಕಟ್ಟಿಗೆ ಲೆಜೆಂಡ್ ಎನ್ನುತ್ತಾರೆ. ಅದು ಹೋಗಿ ಅತಿ ಎತ್ತರದ ಕಂಬದ ಮೇಲೆಯೇ ಕೂರುತ್ತದೆ. ಲೆಜೆಂಡುಗಳೆಲ್ಲ ಹಾಗೇ, ಎಲ್ಲಿ ಎತ್ತರ ಕಂಡರೆ ಅಲ್ಲಿ ಕೂರುವುದು. ಸಂಜೆ ಕೋಣೆಗೆ ಬಂದು ಒಬ್ಬಳಿಗಾಗಿ ಒಲೆ ಹಚ್ಚಲು ಬೇಸರವಾಗಿ ಮಂಡಕ್ಕಿಯಲ್ಲೇ ಮುಗಿಸುತ್ತೇನೆ. ದೂರಲ್ಲ, ಸುದ್ದಿ.

ಶ್ರಾವಣದಲ್ಲಿ ನೀವು ಇಲ್ಲಿನ ಅಂಗಡಿಯೊಂದಕ್ಕೆ ಸೀರೆಯ ಗಂಟು ಇಳಿಸಲು ಬಂದವರು, ಅತ್ತೆ ಕೊಟ್ಟ ಶೇಂಗಾ ಚಟ್ನಿಯ ಡಬ್ಬಿ ಹಿಡಿದುಕೊಂಡು ನನ್ನ ಆಫೀಸಿಗೆ ಬಂದಿರಲ್ಲ, ಆ ದಿನ ನನ್ನ ಪರದೆಯ ಮೇಲೆ ಇದೇ ಚಿತ್ರ ಇತ್ತು. ಶ್ರೀಶೈಲ ಸರ್ ನಿಮ್ಮನ್ನು ಕುರ್ಚಿ ಎಳೆದು ಕೂರಿಸಿದರು. ‘ಬರ್ರಿ ಸಾವಕಾರ್ರ, ನೋಡ್ರಿ ನಿಮ್ಮ ಮನಿಯವರ ಕೈಗೆಲಸ.’ ನೀವು ನೋಡಿ, ‘ನಮ್ಮ ಸೆರಗಿನ ತೆನಿ ಇದ್ದಂಗ ಐತಲ್ರಿ’ ಎಂದಿರಿ. ನನಗೆ ಎಷ್ಟು ಖುಷಿಯಾಯಿತೆಂದು ನಿಮಗೆ ಹೇಳಲಿಲ್ಲ. ಇಳಕಲ್ ಸೆರಗಿನ ಗೋಪುರದಂಥ ತೆನೆಸಾಲಿಗೂ ನನ್ನ ಕಂಬದ ಸಾಲಿಗೂ ಹೋಲಿಕೆ ಕಂಡವರು ನೀವೊಬ್ಬರೇ.

ಆಮೇಲೆ ಸರ್ ಮಾತಿಗೆಂದು ಕೇಳಿದರು: ‘ಹಂಗಾರ ಹೇಳ್ರಿ ನೋಡೂಣು, ಯಾವ ಊರಾಗ ಹಸರು ಕಂಬ ಕೆಂಪಕಿಂತ ಎತ್ತರ ಆಗೇತಿ? ಅದೊಂದ ಊರು ನಮ್ಮ ಮಾನ ಕಳಿಯಾಕತ್ತೇತಿ.’ ಉತ್ತರ ಕಣ್ಣ ಮುಂದೆಯೇ ಇತ್ತು. ಸಾಲೆಗೆ ಹೋಗುವ ಕೂಸು ಬೆರಳಿಟ್ಟು ತೋರಿಸುತ್ತಿತ್ತು. ನೀವು ಕುರ್ಚಿಗೆ ಒರಗಿ ನಕ್ಕು, ‘ಕೇಳೂದೇನ್ರಿ ಅದರಾಗ, ಎಲ್ಲಾದ್ರಾಗೂ ನ‌ಮ್ಮ ಇಳಕಲ್ಲ ಎತ್ತರ’ ಎಂದಿರಿ. ನಾಲ್ಕರಲ್ಲಿ ಇಳಕಲ್ಲಿನ ಹಸಿರು ಕಂಬವೇ ಎಲ್ಲಕ್ಕಿಂತ ಗಿಡ್ಡ ಇತ್ತು. ಸರ್ ತಮಾಷೆ ಎಂದುಕೊಂಡು ಹೊಟ್ಟೆ ಹಿಡಿದು ನಕ್ಕರು. ನಾನು ನನ್ನ ಕೆಲಸದ ಗೇಲಿ ಎಂದುಕೊಂಡೆ. ಮೆಟ್ಟಿಲ ಮೇಲೆ ನಾನೊಂದು ಅಂದೆ, ನೀವೊಂದು ಅಂದಿರಿ. ‘ನಿನ್ನ ಕಂಬ ನೀನ ಕಾಯಕೋತ ಕೂಡು’ ಎಂದು ಹೇಳಿ ಬಸ್ಸಿಗೆ ನಡೆದಿರಿ. ಆ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ. ಚಟ್ನಿ ತೀರಿದೆ.

ಹೋದ ವಾರ ಆದದ್ದು ಇದು. ವರದಿ ಓದಿದ ಧಾರವಾಡದ ಒಬ್ಬ ಮೇಡಂ ಅಂಚಿನಲ್ಲಿ ಒಂದು ಸೂಚನೆ ಬರೆದು ಕಳಿಸಿದ್ದರು. ಕೆಂಪು ಹಸಿರು ಅಕ್ಕಪಕ್ಕ ಹಾಕಬೇಡಿ. ಹುಟ್ಟಿನಿಂದಲೇ ಆ ಎರಡು ಬಣ್ಣ ಬೇರೆ ಬೇರೆಯಾಗಿ ಕಾಣದವರು ಇರುತ್ತಾರೆ, ಹೆಚ್ಚಾಗಿ ಗಂಡಸರು. ಶ್ರೀಶೈಲ ಸರ್ ಒಪ್ಪಲಿಲ್ಲ. ‘ಕಣ್ಣಿದ್ದಾಂವಗ ಹಸರು ಕಾಣಲಾರದಂಗ ಹೆಂಗ ಇರತೈತ್ರಿ?’

‘ತಡೀರಿ ಸರ್, ಅವರಿಗೆ ಹೆಂಗ ಕಾಣತೈತೋ ಹಂಗ ತೋರಸ್ತೇನಿ’ ಎಂದು ನಿಖತ ನನ್ನ ಕುರ್ಚಿಯಲ್ಲಿ ಕೂತಳು. ಅಂಥ ಕಣ್ಣಿಗೆ ಚಿತ್ರ ಹೇಗೆ ಕಾಣುತ್ತದೆಂದು ತೋರಿಸುವ ಉಪಾಯವೂ ಆ ‘ಆರ್’ನಲ್ಲಿ ಇದೆಯಂತೆ. ಏನೋ ಎರಡು ಸಾಲು ಬರೆದಳು. ಪರದೆ ಒಮ್ಮೆ ಮಿಟುಕಿತು. ಅಷ್ಟೂ ಕಂಬಗಳು, ಕೆಂಪೂ ಹಸಿರೂ, ಒಂದೇ ಬಣ್ಣಕ್ಕೆ ತಿರುಗಿದವು. ‘ಅಯ್ಯ ಅಲ್ಲಾ, ಎಲ್ಲಾ ಗೋಣಿಚೀಲ ಆದವಲ್ರಿ’ ಎಂದು ನಿಖತ ನಕ್ಕಳು. ಸರ್ ಕನ್ನಡಕ ಒರೆಸಿಕೊಂಡು ನೋಡಿದರು.

ನಾನು ನಗಲಿಲ್ಲ. ಆ ಗೋಣಿಚೀಲದ ಕಂಬಗಳಲ್ಲಿ ಯಾವ ಊರಿನ ಹಸಿರು ಎತ್ತರ ಎಂದು ಹುಡುಕಿದೆ. ಆ ಚಿತ್ರ ಮಾಡಿದವಳು ನಾನೇ, ಆದರೂ ಮರೆವಿನವಳ ಹಾಗೆ ಕಂಬದಿಂದ ಕಂಬಕ್ಕೆ ಕಣ್ಣು ಹಾಯಿಸಿದೆ. ಮೂಲೆಯ ಲೆಜೆಂಡಿನಲ್ಲೂ ಎರಡು ಒಂದೇ ಥರದ ಚೌಕಗಳು. ಆ ಕ್ಷಣದಲ್ಲಿ ಯಾರಾದರೂ ಹೆಗಲ ಮೇಲೆ ಕೈಯಿಟ್ಟು ‘ಹೇಳ್ರಿ ನೋಡೂಣು’ ಎಂದಿದ್ದರೆ, ನಾನೂ ಕುರ್ಚಿಗೆ ಒರಗಿ ನಕ್ಕು ನಮ್ಮ ಊರಿನ ಹೆಸರು ಹೇಳುತ್ತಿದ್ದೆ.

ಚಹಾ ತರುತ್ತೇನೆಂದು ಹೇಳಿ ಹೊರಗೆ ಬಂದೆ. ಚಹಾ ತರಲಿಲ್ಲ.

ಆಮೇಲೆ ಒಂದೊಂದಾಗಿ ನೆನಪಿಗೆ ಬರತೊಡಗಿದವು. ಸಂತೆಗೆ ಹೋದರೆ ನೀವು ಅರ್ಧ ಕಾಯಿ, ಅರ್ಧ ಹಣ್ಣು ಟೊಮೇಟೊ ತರುತ್ತಿದ್ದಿರಿ. ಜಿಪುಣ ಎಂದು ನಾನು ಹಂಗಿಸುತ್ತಿದ್ದೆ. ಸಿಗ್ನಲ್ಲಿನಲ್ಲಿ ಬೈಕು ಯಾವತ್ತೂ ಮೊದಲ ಸಾಲಿಗೆ ಒಯ್ಯುವುದಿಲ್ಲ. ಮುಂದಿನ ಗಾಡಿ ಹೊರಟ ಮೇಲೆ ಹೊರಡುತ್ತೀರಿ. ಇನ್ನು ಅಂಗಡಿ. ಬಣ್ಣದ ಹೆಸರು ಹಿಡಿದು ನೀವು ಸೀರೆ ತೆಗೆಸಿದ್ದನ್ನು ನಾನು ಕೇಳಿಯೇ ಇಲ್ಲ, ಅಂಚಿನ ದಡಿಯ ಹೆಸರು ಹಿಡಿದೇ. ‘ಸೋಮವ್ವ, ಆ ಗೋಮಿ ದಡೀದು ತಗಿ’, ‘ಆ ಚಿಕ್ಕಿ ಪರಾಸ ದಡಿ, ಮ್ಯಾಲಿನ ಸಾಲಿಂದು’ ಎನ್ನುತ್ತೀರಿ. ದಡಿಯ ನೇಯ್ಗೆ ನೋಡಿದರೆ ಸಾಕು, ಯಾವ ಮಗ್ಗದ್ದು ಎಂದೂ ಹೇಳುತ್ತೀರಿ. ಗಿರಾಕಿ ಬಂದರೆ, ‘ಬಣ್ಣ ನೀವ ಹೇಳ್ರಿ ಅವ್ವಾರ, ಉಡಾವ್ರು ನೀವು.’ ಇದು ವ್ಯಾಪಾರದ ಜಾಣತನ ಎಂದು ನಾನು ತವರಿನಲ್ಲಿ ಹೊಗಳಿದ್ದುಂಟು. ಕುಬಸದ ದಿನ ಸೀರೆ ತೆಗೆದುಕೊಡುವ ಸೋಮವ್ವ ಅಂಗಡಿಯಲ್ಲಿ ಇರಲಿಲ್ಲ. ಶಿರೂರಿಗೆ, ತಮ್ಮನ ಮನೆಗೆ ಹೋಗಿದ್ದಳು. ಸೀರೆ ನೀವೇ ತೆಗೆದಿರಿ.

ನಿಮ್ಮ ಅಪ್ಪನವರ ಮಾತೂ ನೆನಪಾಯಿತು. ನೂಲಿಗೆ ಬಣ್ಣ ಹಾಕುವವನೊಬ್ಬ ಮಗ್ಗದ ಹಾಸಿನೆಳೆಯ ಬಣ್ಣ ತಪ್ಪಿಸಿದ ದಿನ ಅವರು ಊಟದ ತಾಟಿನ ಮುಂದೆ ಕೂತು, ‘ಬಣ್ಣದ ಕಣ್ಣ ಇಲ್ಲದಾಂವಗ ಮಗ್ಗದ ಮನಿಯಾಗ ಏನ ಕೆಲಸ? ಕುರಿ ಕಾಯಾಕ ಹೋಗಂತ ಹೇಳ್ರಿ’ ಎಂದರು. ನೀವು ಅನ್ನಕ್ಕೆ ಕಾಯದೆ ರೊಟ್ಟಿಗೇ ಎದ್ದಿರಿ. ಹೋದ ದೀಪಾವಳಿಯ ದಿನ ಅವರು, ‘ಬರೂ ದೀಪಾವಳಿಗೆ ಬಣ್ಣದ ಕೆಲಸ ಬಸವಂತನ ಕೈಯಾಗ ಕೊಟ್ಟಬಿಡತೇನಿ, ನನಗ ವಯಸ್ಸಾತು’ ಎಂದಾಗ ಅತ್ತೆ ಬಾಯಿ ಸಿಹಿ ಮಾಡಿದರು, ನೀವು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಿರಿ. ಸೋಮಾರಿ ಎಂದುಕೊಂಡೆ. ದೀಪಾವಳಿ ಈಗ ಹತ್ತಿರ ಬಂದಿದೆ.

ನಿಮಗೆ ಕೆಂಪು, ಹಸಿರು ಬೇರೆಯಾಗಿ ಕಾಣುವುದಿಲ್ಲ. ನನಗೆ ಹಾಗೆ ಅನ್ನಿಸಿದೆ. ನಾನು ಡಾಕ್ಟರಲ್ಲ, ಕಂಬ ನಿಲ್ಲಿಸುವವಳು. ತಪ್ಪೂ ಇರಬಹುದು. ಅದಕ್ಕೇ ಆ ಎರಡು ಹಾಳೆ. ಈಗ ಬಿಚ್ಚಿ.

ಒಂದು ಎಂದು ಬರೆದದ್ದು ಶ್ರಾವಣದಲ್ಲಿ ನೀವು ನೋಡಿದ ಚಿತ್ರ. ಎರಡು ಎಂದು ಬರೆದದ್ದು ನಿನ್ನೆ ಮಾಡಿದ್ದು. ಅದರಲ್ಲಿ ಬಣ್ಣವೇ ಇಲ್ಲ. ಕಂಬದೊಳಗೆ ಗೆರೆ ತುಂಬಿಸಬಹುದು. ಎಷ್ಟು ಒತ್ತಾಗಿ ಎಂದು ಒಂದು ಸಂಖ್ಯೆ, ಎಷ್ಟು ಓರೆಯಾಗಿ ಎಂದು ಇನ್ನೊಂದು ಸಂಖ್ಯೆ ಬರೆದರೆ ಆಯಿತು. ಹೋದ ವರ್ಷದ ಕಂಬಕ್ಕೆ ಓರೆ ಗೆರೆ, ಈ ವರ್ಷದ್ದಕ್ಕೆ ತುಂಬು ಕಪ್ಪು. ನೀವು ದಡಿ ನೋಡಿ ಸೀರೆ ಗುರುತು ಹಿಡಿಯುತ್ತೀರಲ್ಲ, ಹಾಗೆ ಇದು ದಡಿಯುಳ್ಳ ಕಂಬ. ಮೊದಲ ಸಲ ಗೆರೆ ತೀರ ಒತ್ತಾಗಿ ಎರಡೂ ಕಪ್ಪಾದವು, ಇನ್ನೊಂದು ಸಲ ಬಡವರ ಮನೆಯ ಚಾಪೆಯಂತೆ ಹರಕಲಾಯಿತು. ಮತ್ತೆ ಮತ್ತೆ ಬರೆದೆ. ಸಂಬಳದ ಕೆಲಸಕ್ಕೆ ನಾನು ಇಷ್ಟು ಮೈ ಬಗ್ಗಿಸಿದವಳಲ್ಲ. ಶ್ರೀಶೈಲ ಸರ್ ನೋಡಿ, ‘ಇದೇನ್ರಿ ಮೇಡಂ, ಕಂಬಕ್ಕ ಕಿಡಕಿ ಜಾಲಿ ಬಡದೀರಿ?’ ಎಂದರು. ಆಮೇಲೆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, ‘ಝೆರಾಕ್ಸ್ ತಗದ್ರೂ ಕಾಣತೈತಿ, ಇರಲಿ’ ಎಂದು ಒಪ್ಪಿದರು. ಖರ್ಚು ಉಳಿಯುವ ಸತ್ಯವನ್ನು ಜನ ಬೇಗ ಒಪ್ಪುತ್ತಾರೆ.

ಅದೇ ಪ್ರಶ್ನೆ ಮತ್ತೆ ಕೇಳುತ್ತೇನೆ. ಯಾವ ಊರಿನಲ್ಲಿ ಈ ವರ್ಷದ ಕಂಬ ಹೋದ ವರ್ಷದ್ದಕ್ಕಿಂತ ಎತ್ತರ? ಎರಡೂ ಹಾಳೆಗಳಲ್ಲಿ ಅದು ಒಂದೇ ಥರ ಸಲೀಸಾಗಿ ಕಂಡರೆ ನಾನು ಮೂರ್ಖಳು. ಸೋಮವಾರ ಒಂದನೇ ಹಾಳೆಯನ್ನು ತಂದು ನನ್ನ ಮುಖದ ಮೇಲೆ ಎಸೆಯಿರಿ; ನಾನೂ ಸೀರೆಯ ಮಾತನ್ನು ಹಿರಿಯರ ಮುಂದೆ ಬಿಚ್ಚುತ್ತೇನೆ. ಎರಡನೆಯದರಲ್ಲಿ ಮಾತ್ರ ಕಂಡರೆ, ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬನ್ನಿ. ಬಾಯಿ ಬಿಡಬೇಕಿಲ್ಲ. ಕಿಸೆಯಿಂದ ತುದಿ ಕಂಡರೆ ಸಾಕು, ಆ ಸೀರೆಯ ಮಾತು ನನ್ನ ಬಾಯಿಂದ ಬರುವುದಿಲ್ಲ. ಸೋದರಮಾವ ಕೇಳಿದರೆ, ಹೇಳುವಂಥದ್ದು ಏನೂ ಇಲ್ಲ ಎನ್ನುತ್ತೇನೆ. ಏನೂ ಇಲ್ಲದ್ದಕ್ಕೆ ಇಷ್ಟು ದಿನ ಬಿಟ್ಟಿದ್ದಳೇ ಎಂದು ಮಂದಿ ನಗಲಿ. ನನಗೆ ಉತ್ತರ ಕೊಡುವಷ್ಟು ತ್ರಾಣ ಉಳಿದಿಲ್ಲ.

ನಿಮ್ಮ ಅಪ್ಪನಿಗೆ ಹೇಳುವುದು, ಬಿಡುವುದು ನಿಮ್ಮ ಮಾತು. ನನ್ನಿಂದ ಹೋಗುವುದಿಲ್ಲ. ಹೇಳಬೇಕೆನ್ನಿಸಿದರೆ ಪಕ್ಕದಲ್ಲಿ ಕೂರಲು ಬರುತ್ತೇನೆ. ಬಣ್ಣದ ಕೆಲಸ ಯಾರಿಗೆ ಕೊಟ್ಟರೂ ದಡಿಯ ಕೆಲಸ ನಿಮ್ಮಷ್ಟು ಬಲ್ಲವರು ಆ ಮನೆಯಲ್ಲಿಲ್ಲ, ಅದನ್ನು ಅವರೂ ಬಲ್ಲರು.

ಒಂದು ಸಿಟ್ಟು ಮಾತ್ರ ಇಳಿದಿಲ್ಲ. ಅದು ಕಣ್ಣಿನ ಮೇಲಿನದಲ್ಲ. ಅಪ್ಪನಿಗೆ ಹೇಳಲಿಲ್ಲ, ತಿಳಿಯುತ್ತದೆ. ರಂಗವ್ವನ ಮುಂದೆ ಹೇಳಲಿಲ್ಲ, ಆಕೆಯ ಮುಂದೆ ನಾನೂ ಹೇಳುತ್ತಿರಲಿಲ್ಲ. ಆದರೆ ಆ ದಿನ ಬಾದಾಮಿಯಿಂದ ಬರುವಾಗ ಬಸ್ಸಿನಲ್ಲಿ ಇಬ್ಬರೇ ಒಂದು ಸೀಟಿನಲ್ಲಿ ಕೂತಿದ್ದೆವು. ನೀವು ಕಿಟಕಿಯ ಕಡೆ ತಿರುಗಿ, ‘ನೋಡು, ಆ ಸೀರಿ...’ ಎಂದು ಶುರು ಮಾಡಿ ನಿಲ್ಲಿಸಿದಿರಿ. ನಾನು ಸೆರಗು ಕೊಡವಿ, ‘ಸಾಕ್ರಿ, ಏನೂ ಹೇಳಬ್ಯಾಡ್ರಿ’ ಎಂದೆ. ನನ್ನ ಕಂಪ್ಯೂಟರಿಗಿರುವ ಬುದ್ಧಿ ಇದ್ದಿದ್ದರೆ ನಾನು ಒಂದು ಕೂಡಿಸುವ ಚಿಹ್ನೆ ಇಟ್ಟು ಕಾಯಬೇಕಿತ್ತು. ನೀವೂ ಇನ್ನೊಮ್ಮೆ ಹೇಳಬಹುದಿತ್ತು. ಆ ಸೀಟಿನ ಲೆಕ್ಕ ಇಬ್ಬರಿಗೂ ಸರಿಯಾಗಿ ಹಂಚಿರಲಿ.

ಕರೆಂಟು ಹೋಗಿ ಬಂತು. ಚಹಾ, ಹೇಳಬೇಕಿಲ್ಲ, ಆರಿದೆ. ಸಹಿ ಮಾಡುವ ಮುಂಚೆ ‘ನಿಮ್ಮ’ ಎಂದು ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಸೋಮವಾರದ ತನಕ ಅದನ್ನು ಕಂಸದೊಳಗೆ ಇಡುತ್ತೇನೆ. ಕಂಸ ಮುಚ್ಚಿಲ್ಲ, ಮರೆತದ್ದಲ್ಲ.

(ನಿಮ್ಮ
ಪ್ರಿಯದರ್ಶಿನಿ

ತಾ.ಕ.: ರಜೆಯ ದಿನ, ಹುನಗುಂದದ ಬಸ್ ನಿಲ್ದಾಣದಲ್ಲಿ ಗದ್ದಲ ಇರುತ್ತದೆ. ನೀವು ಮೊದಲು ಬಂದರೆ ನನ್ನನ್ನು ಹುಡುಕಲು ಗುರುತು ಹೇಳುತ್ತೇನೆ: ಗೋಮಿ ದಡಿ, ಸೆರಗಿಗೆ ದೊಡ್ಡ ತೆನೆ, ನಿಮ್ಮ ಹಿತ್ತಲ ಮಗ್ಗದ ನೇಯ್ಗೆ. ಹೌದು, ಅದೇ ಸೀರೆ. ತಂಗಿ ಉಡಲಿಲ್ಲ. ಬಾದಾಮಿಯಲ್ಲೇ ಬಿಟ್ಟುಬಂದೆ ಎಂದು ನಿಮಗೆ ಹೇಳಿದ್ದು ಸುಳ್ಳು. ಇಲ್ಲಿಗೆ ಬರುವಾಗ ಟ್ರಂಕಿನ ತಳಕ್ಕೆ ಹಾಕಿಕೊಂಡು ಬಂದಿದ್ದೆ. ಸೋಮವಾರ ರಂಗವ್ವನೂ ಬರುತ್ತಾಳಂತೆ, ಕಂಡ ಕೂಡಲೇ ಬಣ್ಣದ ಮಾತು ತೆಗೆಯದೆ ಬಿಡುವವಳಲ್ಲ. ‘ಹಸರ ಐತಲ್ರಿ ರಂಗವ್ವಾರ, ನಿಮಗ ಕಾಣವಲ್ದೇನು? ದವಾಖಾನಿಗೆ ತೋರಸ್ರಿ’ ಎನ್ನುವವಳಿದ್ದೇನೆ. ಆಗ ನೀವು ನನ್ನ ಪಕ್ಕದಲ್ಲಿ ನಿಂತು ‘ಹೌದ್ರಿ, ಹಸರ’ ಎನ್ನಬೇಕು. ನಗಬಾರದು.